ಪೂಜಿಸಿದ ಯಂತ್ರವನ್ನು ಬಿಚ್ಚಬಹುದೇ

ಆಯುಧಪೂಜೆಯಲ್ಲಿ ಪೂಜೆ ಸಲ್ಲುವುದು ಯಾವುದಕ್ಕೆ ಎಂಬುದು ಹಳೆಯ ಪ್ರಶ್ನೆ. ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು ಕೈಮುಗಿಯುವುದು ಕಂಪನಿಯಿಂದ ಬಂದ ಆ ಕಾರಿಗೋ, ಅದು ಮಾಡುವ ಕೆಲಸಕ್ಕೋ, ಕೆಲಸದ ಹಿಂದಿರುವ ಶಕ್ತಿಗೋ? ವರ್ಷದ ಬಹುಪಾಲು ದಿನ ಈ ಪ್ರಶ್ನೆಗೆ ಉತ್ತರ ಯಾರಿಗೂ ಬೇಕಾಗುವುದಿಲ್ಲ. ಒಡೆಯ ಸ್ಪ್ಯಾನರ್ ಹಿಡಿದು ಅದೇ ಕಾರಿನ ಥ್ರಾಟಲ್ ಬಾಡಿಯನ್ನು ಮನೆಯಂಗಳದಲ್ಲಿ ಬಿಚ್ಚಿ, ಉಜ್ಜಿ ಅಗಲ ಮಾಡಲು ಕುಳಿತ ದಿನ ಬೇಕಾಗುತ್ತದೆ. ಆತ ಪೂಜಿಸಿದ್ದನ್ನು ಕೆಡಿಸುತ್ತಿದ್ದಾನೆಯೇ, ಇಲ್ಲ ಪೂಜೆಯನ್ನೇ ಇನ್ನೊಂದು ಬಗೆಯಲ್ಲಿ ಮುಂದುವರಿಸುತ್ತಿದ್ದಾನೆಯೇ?

ಈ ಪ್ರಶ್ನೆ ಕೇಳಲು ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳು ತಕ್ಕ ನೆಲ. ಸೇಲಂ ಪಕ್ಕದ ಕಂಜಮಲೆ ಕಬ್ಬಿಣದ ಅದಿರಿನ ಬೆಟ್ಟ. 19ನೆಯ ಶತಮಾನದಲ್ಲಿ ಜೋಸಯ್ಯ ಮಾರ್ಷಲ್ ಹೀತ್ ಪೋರ್ಟೊನೋವೊದಲ್ಲಿ ತೆರೆದ ಕಾರ್ಖಾನೆ ಸೇಲಂ ಸೀಮೆಯ ಅದಿರನ್ನು ನೆಚ್ಚಿಕೊಂಡಿತ್ತು. ಸಂಕಗಿರಿ ಲಾರಿ ಮಾಲೀಕರ ಊರು. 1997ರವರೆಗೆ ಸೇಲಂ ಜಿಲ್ಲೆಗೇ ಸೇರಿದ್ದ ನಾಮಕ್ಕಲ್ ಲಾರಿಗೆ ಬಾಡಿ ಕಟ್ಟುವುದರಲ್ಲಿ ಹೆಸರು ಮಾಡಿತು. ಅಲ್ಲಿ ಚಾಸಿಸ್ ಮಾತ್ರ ಕಂಪನಿಯದು. ಮೇಲಿನದೆಲ್ಲ ಬಡಗಿ, ವೆಲ್ಡರ್, ಪೇಂಟರ್‌ಗಳ ಕೈಕೆಲಸ. ಸೇಲಂನಲ್ಲಿ ಮನೆಮಾತಾಗಿ ಕನ್ನಡ ಉಳಿಸಿಕೊಂಡಿರುವ ದೇವಾಂಗ ನೇಕಾರರ ಮಗ್ಗದ ಕಥೆಯೂ ಇದೇ. ಕೈಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಏರಿತು, ಮುಂದೆ ಹಲವು ಮನೆಗಳಲ್ಲಿ ಆ ಮಗ್ಗವೂ ಹೋಗಿ ಪವರ್‌ಲೂಮ್ ಬಂದು ಕೂತಿತು. ಚೌಡೇಶ್ವರಿಗೆ ಸಲ್ಲುವ ಪೂಜೆ ಮಾತ್ರ ನಿಲ್ಲಲಿಲ್ಲ. ಯಂತ್ರ ಮನೆಗೆ ಬರುವಾಗಲೇ ಪೂರ್ಣವಾಗಿ ಬರುತ್ತದೆ ಎಂಬ ನಂಬಿಕೆ ಈ ಸೀಮೆಯಲ್ಲಿ ಎಂದೂ ಬೇರು ಬಿಟ್ಟಿಲ್ಲ.

ಬಿಟ್ಟಿಲ್ಲ ಎನ್ನುವುದಕ್ಕೆ ಇನ್ನೂ ಹಳೆಯ ಸಾಕ್ಷಿಯಿದೆ. ಧರ್ಮಪುರಿಯ ಹಿಂದಿನ ಹೆಸರು ತಗಡೂರು. ಸಂಗಂ ಕಾಲದಲ್ಲಿ ಅದನ್ನು ಆಳಿದವನು ಅದಿಯಮಾನ್ ನೆಡುಮಾನ್ ಅಂಜಿ. ಅವನ ಪರವಾಗಿ ಕವಯಿತ್ರಿ ಔವೈಯಾರ್ ತೊಂಡೈಮಾನನ ಬಳಿಗೆ ದೂತೆಯಾಗಿ ಹೋದ ಪ್ರಸಂಗ ‘ಪುಱನಾನೂಱು’ ಸಂಕಲನದ 95ನೆಯ ಪದ್ಯದಲ್ಲಿದೆ. ತೊಂಡೈಮಾನನ ಆಯುಧಗಳು ಮಾಲೆ ತೊಟ್ಟು, ಎಣ್ಣೆ ಕುಡಿದು, ಕಾವಲಿನ ಮನೆಯಲ್ಲಿ ಹೊಳೆಯುತ್ತಿದ್ದವು. ಅದಿಯಮಾನನವು ತುದಿ ಮುರಿದು ಕಮ್ಮಾರನ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಹೊಗಳಿಕೆಯಂತೆ ಕೇಳಿಸುವ ಔವೈಯಾರಳ ಈ ಮಾತಿನ ಮೊನೆ ತೊಂಡೈಮಾನನ ಕಡೆಗಿತ್ತು. ಆಯುಧಕ್ಕೆ ನಿಜವಾದ ಮರ್ಯಾದೆ ಸಿಗುವುದು ಕುಲುಮೆಯಲ್ಲಿ ಎಂಬ ಈ ನಿಲುವು ಇಂದಿನ ಮೆಕ್ಯಾನಿಕ್‌ಗಳಿಗೂ ಒಪ್ಪಿಗೆಯಾದೀತು. ಆದರೂ ಒಂದು ಭೇದ ಉಳಿಯುತ್ತದೆ: ಅದಿಯಮಾನನ ಈಟಿ ಮುರಿದದ್ದರಿಂದ ಕಮ್ಮಾರನಲ್ಲಿಗೆ ಹೋಯಿತು, ಥ್ರಾಟಲ್ ಬಾಡಿ ಮುರಿಯದೆಯೇ ಬಿಚ್ಚಿಸಿಕೊಳ್ಳುತ್ತದೆ.

ಬಿಚ್ಚಿದಾಗ ಕಾಣುವುದೇನು? ಪೆಟ್ರೋಲ್ ಎಂಜಿನ್ನಿನಲ್ಲಿ ಏರ್ ಫಿಲ್ಟರಿಗೂ ಇನ್‌ಟೇಕ್ ಮ್ಯಾನಿಫೋಲ್ಡಿಗೂ ನಡುವೆ ಕೂತ ಅಲ್ಯೂಮಿನಿಯಂ ಕೊಳವೆ. ಅದರೊಳಗೆ ಒಂದು ಕಡ್ಡಿಯ ಮೇಲೆ ತಿರುಗುವ ದುಂಡು ತಗಡು, ಬಟರ್‌ಫ್ಲೈ. ಆಕ್ಸಿಲರೇಟರ್ ಒತ್ತಿದರೆ ಅದು ತೆರೆಯುತ್ತದೆ, ಕಾಲು ತೆಗೆದರೆ ಸ್ಪ್ರಿಂಗು ಮುಚ್ಚುತ್ತದೆ. ಡೀಸೆಲ್ ಲಾರಿಯಲ್ಲಿ ಶಕ್ತಿಯ ಹತೋಟಿ ಇಂಧನದ ಅಳತೆಯಲ್ಲಿರುವುದರಿಂದ ಅದರ ಕಥೆ ಬೇರೆ. ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಮಸಿ ತೊಳೆಯುವುದು ಮೊದಲನೆಯದು. ಅದು ಬದಲಾವಣೆಯಲ್ಲ, ಸ್ನಾನ. ನಿಜವಾದ ಬದಲಾವಣೆ ಎರಡು ಬಗೆ. ಲೇತಿನಲ್ಲಿ ಬೋರ್ ಹಿಗ್ಗಿಸಿ ದೊಡ್ಡ ಬಟರ್‌ಫ್ಲೈ ಹಾಕುವುದು ಒಂದು: 50 ಮಿ.ಮೀ. ಬಾಯಿ 52 ಆದರೆ ಗಾಳಿಯ ದಾರಿ ಸುಮಾರು ಶೇ. 8ರಷ್ಟು ಅಗಲವಾಗುತ್ತದೆ. ಕಡ್ಡಿಯನ್ನು ಅರೆದು ತೆಳುವಾಗಿಸಿ, ತಗಡಿನ ಅಂಚನ್ನು ಚೂಪು ಮಾಡುವುದು ಇನ್ನೊಂದು: ಪೂರ್ತಿ ತೆರೆದಾಗಲೂ 8 ಮಿ.ಮೀ. ಕಡ್ಡಿಯೊಂದೇ 50 ಮಿ.ಮೀ. ಬಾಯಿಯ ಐದನೆಯ ಒಂದು ಪಾಲನ್ನು ಅಡ್ಡಗಟ್ಟಿರುತ್ತದೆ. ಲೆಕ್ಕ ಆಸೆ ಹುಟ್ಟಿಸುವಂತಿದೆ. ಆದರೆ ಎಂಜಿನ್ನು ಎಳೆದುಕೊಳ್ಳಬಲ್ಲ ಗಾಳಿಗೆ ಮೊದಲ ಬಾಯಿಯೇ ಸಾಲುತ್ತಿದ್ದರೆ ಹಿಗ್ಗಿಸಿದ್ದರಿಂದ ಬರುವ ಲಾಭ ಅಲ್ಪ. ಸುಮಾರು 1500 ಮೀಟರ್ ಎತ್ತರದ ಯೇರ್ಕಾಡಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 14 ಕಡಿಮೆ, ಯಾವ ಬೋರಿಂಗೂ ಬೆಟ್ಟದ ಮೇಲಿನ ಗಾಳಿಯನ್ನು ದಟ್ಟ ಮಾಡಲಾರದು.

ಹೀಗೆ ಅರೆಸಿಕೊಂಡ ಮೇಲೆ ಅದು ಅದೇ ಕಾರೇ? ನ್ಯಾಯ-ವೈಶೇಷಿಕರು ಈ ಬಗೆಯ ಪ್ರಶ್ನೆಗೆ ಹಿಡಿದ ಉದಾಹರಣೆ ನೇಕಾರರ ಮನೆಯದೇ: ನೂಲು ಮತ್ತು ಬಟ್ಟೆ. ಅವರ ಮಟ್ಟಿಗೆ ಬಟ್ಟೆ ನೂಲುಗಳ ಗುಂಪಲ್ಲ, ನೂಲುಗಳಲ್ಲಿ ನೆಲೆಸಿದ ಬೇರೆಯೇ ವಸ್ತು. ಒಂದು ನೂಲು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸದು ಹುಟ್ಟುತ್ತದೆ; ‘ಅದೇ ಬಟ್ಟೆ’ ಎನ್ನುವುದು ಹೋಲಿಕೆಯಿಂದ ಹುಟ್ಟಿದ ಮಾತು. ಈ ಕಟ್ಟುನಿಟ್ಟಿನಲ್ಲಿ ನೋಡಿದರೆ ನವಮಿಯಂದು ಪೂಜೆಗೊಂಡ ಕಾರು ಮೊದಲ ಸ್ಕ್ರೂ ಬಿಚ್ಚಿದಾಗಲೇ ಇಲ್ಲವಾಯಿತು. ಬೌದ್ಧರು ಮತ್ತೊಂದು ತುದಿಗೆ ಹೋದರು. ಮಿಲಿಂದ ರಾಜನಿಗೆ ನಾಗಸೇನ ರಥವನ್ನು ತೋರಿಸಿ, ಅಚ್ಚು, ಗಾಲಿ, ನೊಗಗಳಾಚೆಗೆ ರಥವೆಂಬುದು ಬರಿಯ ಹೆಸರು ಎಂದ. ಹೆಸರಿಗೆ ಕುಂಕುಮ ಹಚ್ಚುವುದು ಹೇಗೆ ಎಂಬ ಕಷ್ಟ ಅಲ್ಲಿ ಎದುರಾಗುತ್ತದೆ.

ಜೈನರ ಉತ್ತರ ಈ ಎರಡಕ್ಕಿಂತ ಹದವಾದದ್ದು. ಅದು ಈ ನೆಲಕ್ಕೆ ಹೊರಗಿನದೂ ಅಲ್ಲ: 9ನೆಯ ಶತಮಾನದ ಕೊನೆಯಲ್ಲಿ, ನೊಳಂಬ ಮಹೇಂದ್ರನ ಕಾಲದ ಧರ್ಮಪುರಿಯ ಕನ್ನಡ ಶಾಸನ ತಗಡೂರಿನ ಬಸದಿಯ ದತ್ತಿಯನ್ನು ದಾಖಲಿಸುತ್ತದೆ. ಆ ಬಸದಿಯ ಮತದಲ್ಲಿ ಇರುವ ಪ್ರತಿಯೊಂದಕ್ಕೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಒಟ್ಟಿಗೇ ಇರುತ್ತವೆ; ಪರ್ಯಾಯ, ಎಂದರೆ ವಸ್ತುವಿನ ಅವಸ್ಥೆ, ಬದಲಾಗುತ್ತದೆ, ದ್ರವ್ಯ ಉಳಿಯುತ್ತದೆ. ಕಾರಿನ ಒಂದು ಪರ್ಯಾಯ ಹೋಯಿತು, ಇನ್ನೊಂದು ಬಂತು. ಹಾಗಾಗಿ ಉಜ್ಜಿದ್ದರಿಂದ ಪೂಜೆ ಸುಳ್ಳಾಗುವುದಿಲ್ಲ, ಪೂಜೆಯಾಯಿತೆಂದು ಉಜ್ಜುವುದು ನಿಷಿದ್ಧವೂ ಆಗುವುದಿಲ್ಲ.

ಆಗಮಗಳ ಜೀರ್ಣೋದ್ಧಾರ ವಿಧಿಯೂ ಇದಕ್ಕೆ ಒತ್ತಾಸೆ ಕೊಡುತ್ತದೆ. ಗರ್ಭಗುಡಿಯಲ್ಲಿ ಉಳಿ ಹಿಡಿಯುವ ಮುನ್ನ ವಿಗ್ರಹದ ಕಲೆಯನ್ನು, ಎಂದರೆ ದೈವಶಕ್ತಿಯನ್ನು, ಕುಂಭಕ್ಕೆ ಸೆಳೆದು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಇಟ್ಟು ಪೂಜಿಸುತ್ತಾರೆ. ಕೆಲಸ ಮುಗಿದ ಮೇಲೆ ಕುಂಭಾಭಿಷೇಕ. ಅಂದರೆ ದೇವರ ಕಲ್ಲಿಗೂ ಕೆತ್ತನೆ ಉಂಟು, ಪೂಜೆಯ ಹೊತ್ತು ಕೆತ್ತನೆಯ ಹೊತ್ತು ಬೇರೆ ಅಷ್ಟೆ. ಆಯುಧಪೂಜೆಯ ಲಯವೂ ಅದೇ: ನವಮಿಯಂದು ಉಪಕರಣ ಮುಟ್ಟುವಂತಿಲ್ಲ, ದಶಮಿಯಂದು ಎತ್ತಿಕೊಳ್ಳಲೇಬೇಕು.

ತೊಡಕಿರುವುದು ವಸ್ತುವಿನಲ್ಲಲ್ಲ, ಕರ್ತೃವಿನಲ್ಲಿ. ಪಾಣಿನಿಯ ವ್ಯಾಕರಣದಲ್ಲಿ ಕರ್ತೃ ಸ್ವತಂತ್ರ. ಕರಣ ಅವನ ಕ್ರಿಯೆಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು. ಆದರೆ ‘ಕತ್ತಿ ಚೆನ್ನಾಗಿ ಕತ್ತರಿಸುತ್ತದೆ’ ಎನ್ನುವಾಗ ಕರಣವೇ ಕರ್ತೃವಿನ ಜಾಗಕ್ಕೆ ಏರಿಬಿಡುತ್ತದೆ. ‘ಗಾಡಿ ಈಗ ಒಳ್ಳೆ ಪಿಕಪ್ಪು’ ಎಂಬುದೂ ಅಂಥ ಮಾತು. ಬಾಯಿ ಹಿಗ್ಗಿಸಿದ ಥ್ರಾಟಲಿನಲ್ಲಿ ಕಾಲು ಮೊದಲಿನಷ್ಟೇ ಒತ್ತಿದರೂ ಹೆಚ್ಚು ಗಾಳಿ ನುಗ್ಗುತ್ತದೆ. ಎಂಜಿನ್ನಿನ ಗರಿಷ್ಠ ಶಕ್ತಿ ಅಷ್ಟೇ ಇದ್ದರೂ ಪೆಡಲಿನ ಮೊದಲ ಭಾಗದಲ್ಲೇ ಕಾರು ಜಿಗಿಯುತ್ತದೆ. ಶಕ್ತಿ ಹೆಚ್ಚಿತೆಂಬ ಈ ಅನುಭವದ ಬಹುಪಾಲು ಭ್ರಮೆ. ವೇದಾಂತಿಗಳು ಅಧ್ಯಾಸ ಎನ್ನುವ ಬಗೆಯದು, ಒಂದರ ಗುಣವನ್ನು ಮತ್ತೊಂದರ ಮೇಲೆ ಹೇರುವುದು. ಸಾವಿರಾರು ರೂಪಾಯಿ ಖರ್ಚು ಮಾಡಿ ಕೊಳ್ಳುವ ಅಧ್ಯಾಸ ಬೇರೆ!

ಭ್ರಮೆ ಒಡೆಯನೊಬ್ಬನದೇ ಆಗಿದ್ದರೆ ಚರ್ಚೆ ಇಲ್ಲಿಗೆ ಮುಗಿಯುತ್ತಿತ್ತು. ಧರ್ಮಪುರಿಯಿಂದ ಸೇಲಂಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 44ರ ತೊಪ್ಪೂರು ಘಟ್ಟ ಅಪಘಾತಗಳಿಗೆ ಕುಖ್ಯಾತ. ಅಂಥ ಇಳಿಜಾರಿನಲ್ಲಿ ಪೆಟ್ರೋಲ್ ಕಾರನ್ನು ಹಿಡಿದು ನಿಲ್ಲಿಸುವುದರಲ್ಲಿ ಮುಚ್ಚಿದ ಬಟರ್‌ಫ್ಲೈಗೂ ಪಾಲಿದೆ: ಗಾಳಿ ಸಿಗದ ಎಂಜಿನ್ನು ತಾನೇ ಬ್ರೇಕಾಗುತ್ತದೆ. ಕೈಯಲ್ಲಿ ಉಜ್ಜಿದ ಬೋರು ಎಲ್ಲೋ ಒಂದು ಕೂದಲೆಳೆ ಹೆಚ್ಚು ಸವೆದರೆ ತಗಡು ಪೂರ್ತಿ ಕೂರುವುದಿಲ್ಲ, ಐಡ್ಲಿಂಗ್ ಏರುತ್ತದೆ. ಅಂಚು ಕಚ್ಚಿಕೊಂಡರೆ ಕಾಲು ತೆಗೆದರೂ ಕಾರು ಎಳೆಯುತ್ತಲೇ ಇರುತ್ತದೆ. ಸರಿಯಾಗಿ ಬಿಗಿಯದ ಸ್ಕ್ರೂ ಕಳಚಿದರೆ ನೇರ ಎಂಜಿನ್ನಿನೊಳಗೆ. ಅದಿಯಮಾನನ ಈಟಿ ಎದುರಾಳಿಯನ್ನು ಬಲ್ಲುದು. ಘಟ್ಟದ ಕಾರಿಗೆ ಮುಂದಿರುವವರು ಯಾರೆಂದು ಗೊತ್ತಿಲ್ಲ.

ಕಾನೂನು ವೈಶೇಷಿಕರಷ್ಟೇ ಕಟ್ಟುನಿಟ್ಟು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಥ್ರಾಟಲ್ ಬಾಡಿಯ ಅಳತೆ ಇರುವುದಿಲ್ಲ ಎಂಬ ವಾದ ಹೂಡಬಹುದು. ಹೊಗೆ ತಪಾಸಣೆಯ ಮುಂದೆ ಆ ವಾದ ನಡೆಯುವುದಿಲ್ಲ.

ಬಿಚ್ಚುವುದು ತಪ್ಪಲ್ಲ, ಬಿಚ್ಚಿದವರು ಅದರ ಹೊಣೆಯಿಂದ ಕಳಚಿಕೊಳ್ಳುವಂತಿಲ್ಲ. ಬಾಯಿ ಎಷ್ಟು ಅಗಲವಾಯಿತು ಎಂಬುದಕ್ಕಿಂತ ಸ್ಪ್ರಿಂಗು ಎಷ್ಟು ನಿಖರವಾಗಿ ಮುಚ್ಚುತ್ತದೆ ಎಂಬುದು ದೊಡ್ಡದು. ಕೇಬಲ್ಲಿನ ಥ್ರಾಟಲನ್ನು, ಎಂಜಿನ್ ಆಫ್ ಇರುವಾಗ, ಕೈಯಿಂದ ತೆರೆದು ಬಿಟ್ಟರೆ ಅದು ಚಟ್ಟನೆ ಮುಚ್ಚಬೇಕು. ಮುಚ್ಚದ ಕಾರು, ಎಷ್ಟು ನಿಂಬೆಹಣ್ಣು ತುಳಿದಿದ್ದರೂ, ತೊಪ್ಪೂರು ಇಳಿಯಬಾರದು.