‘ಇಲ್ಲ’ ಎಂದು ಬರೆಯುವವರು

ಮಳೆಗಾಲ ಶುರುವಾದರೆ ಕನ್ನಡ ಪತ್ರಿಕೆಗಳಲ್ಲಿ ಒಂದು ಸಣ್ಣ ಚೌಕಟ್ಟು ಕಾಣಿಸಿಕೊಳ್ಳುತ್ತದೆ: ಜಲಾಶಯಗಳ ನೀರಿನ ಮಟ್ಟ. ಕೆಆರ್‌ಎಸ್, ಕಬಿನಿ, ಹಾರಂಗಿ, ಹೇಮಾವತಿ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಕೊನೆಗೆ ‘ಕಳೆದ ವರ್ಷ ಇದೇ ದಿನ’. ಕೆಆರ್‌ಎಸ್‌ನ 124.80 ಅಡಿ ಎಂಬ ಅಂಕಿ ಮಂಡ್ಯದ ರೈತರಿಗಷ್ಟೇ ಅಲ್ಲ, ನಲ್ಲಿಯಲ್ಲಿ ಕಾವೇರಿ ಹಿಡಿಯುವ ವಿಜಯನಗರ, ಬಸವೇಶ್ವರನಗರದವರಿಗೂ ಬಾಯಿಪಾಠ. ಆ ಚೌಕಟ್ಟಿನಲ್ಲಿ ನನಗೆ ಇಷ್ಟವಾಗುವುದು ಕೊನೆಯ ಕಲಂ. ‘ಕಳೆದ ವರ್ಷ ಇದೇ ದಿನ’ ಎಂದು ಇವತ್ತು ಅಚ್ಚಾಗಬೇಕಾದರೆ ಕಳೆದ ವರ್ಷ ಇದೇ ದಿನ ಯಾರೋ ಒಬ್ಬರು ಅಣೆಕಟ್ಟೆಯ ಅಳತೆ ಪಟ್ಟಿಯ ಹತ್ತಿರ ಹೋಗಿ, ಓದಿ, ಬರೆದಿಟ್ಟಿರಬೇಕು. ಅಂದು ಮಟ್ಟ ಏರಿರದಿದ್ದರೂ, ಇಳಿದಿರದಿದ್ದರೂ ಹೋಗಿರಬೇಕು.

ಹೀಗೆ ಅಳೆದು ಬರೆದಿಡುವುದರಲ್ಲಿ ನೌಕರಿಯ ಆಚೆಗಿನ ನೈತಿಕವಾದದ್ದು ಏನಾದರೂ ಇದೆಯೇ? ಈ ಪ್ರಶ್ನೆ ನನ್ನನ್ನು ಹಿಡಿದದ್ದು ಸ್ವಲ್ಪ ವಿಚಿತ್ರ ದಾರಿಯಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ದೊಡ್ಡ ಸರೋವರಗಳ ಬಗ್ಗೆ ಓದುವಾಗ. ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿತಟ್ಟಿನೊಳಗೆ ಕುಟ್ಟಿ ಪುಡಿ ಮಾಡಿದ ಐಸನ್ನಷ್ಟೇ ಬಲ್ಲ ಊರಿನವನಿಗೆ ಇದು ದೂರದ ವಿಷಯವೇ. ಆದರೆ ಅಲ್ಲಿನ ಅಳತೆಯ ಕೆಲಸ ನಮ್ಮ ಕೆರೆ ಕಟ್ಟೆಗಳ ಅಳತೆಗೆ ಹತ್ತಿರದ ನೆಂಟ.

ಮಂಜುಗಡ್ಡೆಯ ದಪ್ಪ ಅಳೆಯುವುದು ನೋಡಲು ಸರಳ. ಬೈರಿಗೆಯಂಥ ಸಾಧನದಿಂದ ಒಂದು ತೂತು ಕೊರೆಯಬೇಕು. ತುದಿ ಬಾಗಿರುವ ಒಂದು ಅಳತೆಗೋಲನ್ನು ಆ ತೂತಿನಲ್ಲಿ ಇಳಿಸಿ, ಬಾಗಿದ ತುದಿಯನ್ನು ಗಡ್ಡೆಯ ತಳಕ್ಕೆ ಸಿಕ್ಕಿಸಿ, ಮೇಲಿನ ಅಂಕಿ ಓದಬೇಕು. ಉಪಗ್ರಹ ಬಂದ ಮೇಲೆ ಅಮೆರಿಕ ಮತ್ತು ಕೆನಡಾಗಳ ನಡುವಿನ ಮಹಾಸರೋವರಗಳಲ್ಲಿ ಎಷ್ಟು ಭಾಗ ಹೆಪ್ಪುಗಟ್ಟಿದೆ ಎಂಬ ಲೆಕ್ಕ 1973ರಿಂದ ಸಾಲಾಗಿ ಸಿಗುತ್ತದೆ. ಎಷ್ಟು ದಪ್ಪ ಎಂಬುದನ್ನು ಖಚಿತವಾಗಿ ತಿಳಿಯಲು ಮಾತ್ರ ಇಂದಿಗೂ ಯಾರಾದರೂ ಗಡ್ಡೆಯ ಮೇಲೆ ನಿಂತು ಕೊರೆಯಬೇಕು. ದಪ್ಪವೊಂದನ್ನೇ ಬರೆದರೂ ಸಾಲದು. ನೀರು ನೇರವಾಗಿ ಹೆಪ್ಪುಗಟ್ಟಿದ ಪಾರದರ್ಶಕ ಗಡ್ಡೆ ನಾಲ್ಕು ಇಂಚು ಇದ್ದರೆ ಮನುಷ್ಯ ನಡೆಯಬಹುದು ಎನ್ನುತ್ತಾರೆ. ಬಿದ್ದ ಹಿಮ ನೆನೆದು ಗಟ್ಟಿಯಾದ ಬಿಳಿ ಗಡ್ಡೆಗೆ ಅದರ ಸುಮಾರು ಅರ್ಧದಷ್ಟೇ ಬಲ. ‘ನಾಲ್ಕು ಇಂಚು’ ಎಂದಷ್ಟೇ ಬರೆದು ಯಾವ ಬಗೆಯದೆಂದು ಬಿಟ್ಟರೆ, ಅಂಕಿ ಸರಿಯಿದ್ದೂ ಅದನ್ನು ನಂಬಿ ನಡೆದವನು ನೀರಿಗೆ ಬೀಳಬಹುದು. ನಮ್ಮಲ್ಲಿ ಹೂಳಿನ ಕತೆಯೂ ಇದೇ. ಕೆರೆಯ ತಳದಲ್ಲಿ ಹೂಳು ಏರಿದ ಮೇಲೆ ಪಟ್ಟಿ ತೋರಿಸುವ ಅಡಿ ಹಿಂದಿನಷ್ಟೇ ಇರುತ್ತದೆ, ಒಳಗಿನ ನೀರು ಕಡಿಮೆ ಇರುತ್ತದೆ.

ಈ ಓದಿನಲ್ಲಿ ನನ್ನನ್ನು ನಿಲ್ಲಿಸಿದ್ದು ಜಪಾನಿನ ನಾಗಾನೊ ಪ್ರಾಂತ್ಯದ ಸೂವಾ ಸರೋವರ. ಅಲ್ಲಿ ರಾತ್ರಿಯ ಚಳಿಗೆ ಗಡ್ಡೆ ಕುಗ್ಗಿ ಬಿರಿಯುತ್ತದೆ, ಬಿರುಕಿನಲ್ಲಿ ಏರಿದ ನೀರು ಹೆಪ್ಪುಗಟ್ಟುತ್ತದೆ, ಹಗಲಲ್ಲಿ ಗಡ್ಡೆ ಹಿಗ್ಗಿದಾಗ ಆ ಬಿರುಕಿನ ಗೆರೆ ಮೇಲಕ್ಕೆ ಉಬ್ಬಿ ಸರೋವರದುದ್ದಕ್ಕೂ ಒಂದು ಏರಿಯಂತೆ ನಿಲ್ಲುತ್ತದೆ. ಒಂದು ದಡದ ಗುಡಿಯ ದೇವರು ಇನ್ನೊಂದು ದಡದಲ್ಲಿರುವ ಹೆಂಡತಿಯನ್ನು ನೋಡಲು ನಡೆದುಹೋದ ಹಾದಿ ಅದು ಎಂಬುದು ನಂಬಿಕೆ. ಹೆಸರು ‘ಒಮಿವತಾರಿ’, ದೇವರು ದಾಟಿದ್ದು. ಇದರ ದಾಖಲೆ 1443ರಿಂದ ಇದೆ. ನಮ್ಮಲ್ಲಿ ವಿಜಯನಗರದ ಎರಡನೇ ದೇವರಾಯ ಆಳುತ್ತಿದ್ದ ಕಾಲ. ಇಂದಿಗೂ ಜನವರಿ ಮೊದಲ ವಾರದಿಂದ ಫೆಬ್ರವರಿ ಆರಂಭದವರೆಗೆ ಪ್ರತಿ ಮುಂಜಾನೆ ಸ್ಥಳೀಯ ಗುಡಿಯ ಅರ್ಚಕರು ಊರಿನ ಕೆಲವರೊಂದಿಗೆ ದಡಕ್ಕೆ ಹೋಗಿ, ಗಾಳಿಯ ಮತ್ತು ನೀರಿನ ಉಷ್ಣಾಂಶ ನೋಡಿ, ಗಡ್ಡೆ ಕಟ್ಟಿದೆಯೇ ಎಂದು ಬರೆದುಕೊಳ್ಳುತ್ತಾರೆ.

ದಾಖಲೆಯ ಮೊದಲ 250 ವರ್ಷಗಳಲ್ಲಿ ಸರೋವರ ಹೆಪ್ಪುಗಟ್ಟದ ಚಳಿಗಾಲಗಳು ಮೂರೇ ಮೂರು. 2005ರಿಂದ 2014ರ ನಡುವಿನ ಹತ್ತು ವರ್ಷಗಳಲ್ಲೇ ಐದು. ಕೊನೆಯ ಒಮಿವತಾರಿ ಕಾಣಿಸಿದ್ದು 2018ರಲ್ಲಿ. ನೀರು ಹೆಪ್ಪುಗಟ್ಟದ ವರ್ಷಕ್ಕೂ ಅವರಲ್ಲಿ ಒಂದು ಹೆಸರಿದೆ, ‘ಅಕೆ ನೊ ಉಮಿ’. ತೆರೆದ ಸಮುದ್ರ ಎಂದರ್ಥ. ಆ ವರ್ಷದ ಸಾಲನ್ನು ಖಾಲಿ ಬಿಡುವುದಿಲ್ಲ, ಈ ಹೆಸರನ್ನು ಬರೆಯುತ್ತಾರೆ.

ಖಾಲಿ ಸಾಲಿಗೂ ‘ಇಲ್ಲ’ ಎಂದು ಬರೆದ ಸಾಲಿಗೂ ಇರುವ ಅಂತರವನ್ನು ನಮ್ಮ ದರ್ಶನಕಾರರು ಬಹಳ ತಲೆಕೆಡಿಸಿಕೊಂಡು ಚರ್ಚಿಸಿದ್ದಾರೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ಕೂತ ಯಾರಿಗಾದರೂ ಆ ಹಳೆಯ ಉದಾಹರಣೆ ನೆನಪಿರುತ್ತದೆ: ನೆಲದ ಮೇಲೆ ಮಡಕೆ ಇಲ್ಲ. ಇರುವುದನ್ನು ಕಣ್ಣು ತಿಳಿಸುತ್ತದೆ, ಇಲ್ಲದಿರುವುದನ್ನು ಯಾವುದು ತಿಳಿಸುತ್ತದೆ? ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದರು. ಕುಮಾರಿಲ ಭಟ್ಟನ ಮೀಮಾಂಸಕರು, ಅವರನ್ನು ಅನುಸರಿಸಿ ಅದ್ವೈತಿಗಳು, ‘ಅನುಪಲಬ್ಧಿ’ ಎಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿಕೊಂಡರು. ಕಾಣದಿರುವುದು ಕೂಡ ತಿಳಿವಿನ ಒಂದು ದಾರಿ. ಪ್ರಭಾಕರನ ಕಡೆಯವರು ಇದನ್ನು ಒಪ್ಪಲಿಲ್ಲ. ಜಗಳ ಶತಮಾನಗಳ ಕಾಲ ನಡೆಯಿತು.

ಆ ಚರ್ಚೆಯಲ್ಲಿ ಬರುವ ಒಂದು ಷರತ್ತನ್ನು ಪರೀಕ್ಷೆಗೆ ಓದುವಾಗ ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಕಾಣದ ಎಲ್ಲವೂ ಇಲ್ಲ ಎಂದಾಗುವುದಿಲ್ಲ. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲ ಎಂದರೆ ಮಡಕೆ ಇಲ್ಲ ಎಂದು ಸಾಬೀತಾಗದು. ಕಣ್ಣಿಗೆ ಬೀಳುವ ಜಾತಿಯದೇ ಅಲ್ಲದ ಪಿಶಾಚಿ ಕಾಣಲಿಲ್ಲ ಎಂಬುದರಿಂದಲೂ ಏನೂ ತೀರ್ಮಾನವಾಗದು. ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ನೀನು ನಿಂತಿದ್ದೆಯಾ? ಬೆಳಕಿತ್ತಾ? ಆ ಕಡೆ ತಿರುಗಿ ನೋಡಿದೆಯಾ? ಇವಕ್ಕೆ ಹೌದು ಎನ್ನಬಲ್ಲವನ ‘ಇಲ್ಲ’ಕ್ಕೆ ಮಾತ್ರ ಪ್ರಮಾಣದ ಬೆಲೆ. ಇದಕ್ಕೆ ಅವರು ಕೊಟ್ಟ ಹೆಸರು ಯೋಗ್ಯಾನುಪಲಬ್ಧಿ. ಪುಸ್ತಕದಲ್ಲಿ ಇದು ಜ್ಞಾನದ ಷರತ್ತು. ಸೂವಾದ ದಡದಲ್ಲಿ ಇದು ನಡತೆಯ ಷರತ್ತೂ ಆಗುತ್ತದೆ. ಚಳಿಯಲ್ಲಿ ಎದ್ದು ಹೋಗಿ ನಿಂತವರಿಗೆ ಮಾತ್ರ ‘ಹೆಪ್ಪುಗಟ್ಟಿಲ್ಲ’ ಎಂದು ಬರೆಯುವ ಅಧಿಕಾರ. ಮನೆಯಲ್ಲೇ ಹೊದ್ದು ಮಲಗಿದವನು ಅದೇ ಮಾತು ಬರೆದು, ಅದು ನಿಜವೇ ಆಗಿದ್ದರೂ, ಅವನು ಬರೆದದ್ದು ಸುಳ್ಳು.

ಅಳತೆಯ ಕೆಲಸದಲ್ಲಿ ಪ್ರಲೋಭನೆ ಹೀಗೆಯೇ ಬರುತ್ತದೆ. ದೊಡ್ಡ ಮಳೆ ಬಂದ ದಿನ ಅಂಕಿ ತಿದ್ದುವ ಮನಸ್ಸು ಯಾರಿಗೂ ಬರದು. ಎಲ್ಲರೂ ನೋಡಲು ಓಡುತ್ತಾರೆ. ಏನೂ ಆಗದ ದಿನ, ನಿನ್ನೆಯ ಅಂಕಿಯನ್ನೇ ಇವತ್ತಿನ ಸಾಲಿಗೆ ಇಳಿಸಿದರೆ ಯಾರಿಗೂ ತಿಳಿಯದ ದಿನ, ಕಷ್ಟದ ದಿನ. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ, ಮಳೆ ಬಾರದಿದ್ದರೆ ಸೊನ್ನೆ ಬರೆಯುತ್ತಾರೆ. ಆ ಸೊನ್ನೆಗಳಿಲ್ಲದೆ ಬರ ಎಂಬುದು ಲೆಕ್ಕಕ್ಕೇ ಸಿಗುವುದಿಲ್ಲ.

ಇದರ ಬೆಲೆ ಏನೆಂದು ತಿಳಿಯಲು ಜಪಾನಿನವರೆಗೆ ಹೋಗಬೇಕಿಲ್ಲ. ರಾಜಾಜಿನಗರದ ಮಗ್ಗುಲಲ್ಲಿ ಹಾದುಹೋಗುವ ಮಾಗಡಿ ರಸ್ತೆಯಲ್ಲೇ ಪಶ್ಚಿಮಕ್ಕೆ ಸಾಗಿದರೆ ತಿಪ್ಪಗೊಂಡನಹಳ್ಳಿ ಸಿಗುತ್ತದೆ. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಯೂ ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯೂ ಕೂಡುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ ಜಲಾಶಯ, ಚಾಮರಾಜಸಾಗರ. ಅದಕ್ಕೆ ಮೊದಲು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಅರ್ಕಾವತಿಯ ಮೇಲುಗಡೆ ಹೆಸರಘಟ್ಟದಿಂದ ಊರಿಗೆ ನೀರು ತಂದಿದ್ದರು. 1974ರಲ್ಲಿ ಕಾವೇರಿಯ ನೀರು ಬರುವ ತನಕ ಬೆಂಗಳೂರು ಕುಡಿದದ್ದು ಮುಖ್ಯವಾಗಿ ಅರ್ಕಾವತಿಯನ್ನು. ಟಿ.ಜಿ. ಹಳ್ಳಿಯ ಪೂರ್ಣ ಮಟ್ಟ 74 ಅಡಿ. ಆ ಮಟ್ಟಕ್ಕೆ ನೀರು ಏರುವುದು ಅಪರೂಪವಾಯಿತು, ಒಳಹರಿವು ದಶಕದಿಂದ ದಶಕಕ್ಕೆ ಇಳಿಯಿತು, ಉಳಿದ ನೀರಿಗೂ ಊರಿನ ಕೊಳೆ ಸೇರಿತು.

ಏಕೆ ಹೀಗಾಯಿತು ಎಂದು ಯಾರನ್ನು ಕೇಳಿದರೂ ಸಿದ್ಧ ಉತ್ತರ ಒಂದಿದೆ: ಮೊದಲಿನ ಹಾಗೆ ಮಳೆ ಎಲ್ಲಿ? ಈ ಉತ್ತರದಲ್ಲಿ ಯಾರ ತಪ್ಪೂ ಇಲ್ಲ, ಆದ್ದರಿಂದ ಎಲ್ಲರಿಗೂ ಹಿಡಿಸುತ್ತದೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉತ್ತರವನ್ನೇ ಪರೀಕ್ಷೆಗೆ ಒಡ್ಡಿತು. ಅರ್ಕಾವತಿ ಏಕೆ ಬತ್ತುತ್ತಿದೆ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ. ಮಾಹಿತಿಗೆ ಬರವಿರುವ ಪ್ರದೇಶ ಎಂಬ ಮಾತೂ ಆ ಶೀರ್ಷಿಕೆಯಲ್ಲೇ ಇದೆ. ಜಲಾಶಯದ ಒಳಹರಿವಿನ ಹಳೆಯ ಲೆಕ್ಕ, ಮಳೆಯ ಲೆಕ್ಕ, ಉಷ್ಣಾಂಶ, ಎಲ್ಲವನ್ನೂ ಎದುರುಬದುರು ಇಟ್ಟು ನೋಡಿದಾಗ ಹರಿವು ಇಳಿದದ್ದಕ್ಕೆ ಮಳೆಯ ಕೊರತೆ ಕಾರಣವಲ್ಲ, ತಾಪ ಏರಿದ್ದೂ ಮುಖ್ಯ ಕಾರಣವಲ್ಲ ಎಂದು ಕಂಡಿತು. ಬೆರಳು ತಿರುಗಿದ್ದು ಕೊಳವೆಬಾವಿಗಳ ಕಡೆಗೆ, ನೀಲಗಿರಿ ತೋಪುಗಳ ಕಡೆಗೆ. ಅಂದರೆ ನಮ್ಮ ಕಡೆಗೆ.

ಆ ಹಳೆಯ ಪುಸ್ತಕಗಳಲ್ಲಿ ಅಂಕಿ ಬರೆದವರು ಈ ಪ್ರಶ್ನೆಯನ್ನು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ನಾಳೆ ಊರಿಗೆ ಎಷ್ಟು ನೀರು ಬಿಡಬೇಕು ಎಂಬುದಷ್ಟೇ ಅವರ ಚಿಂತೆ. ಅವರು ದಿನವೂ ಬರೆದರು ಎಂಬ ಒಂದೇ ಕಾರಣಕ್ಕೆ ಎಂಬತ್ತು ವರ್ಷಗಳ ಮೇಲೆ ನಮ್ಮ ಕೈಯಿಂದ ಒಂದು ನೆಪ ಜಾರಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಅಳೆದದ್ದರಿಂದ ಆದದ್ದೇನು? ಟಿ.ಜಿ. ಹಳ್ಳಿಯ ಲೆಕ್ಕ ಕೊನೆಯವರೆಗೂ ಇತ್ತು, ನೀರು ಹೋದದ್ದು ಹೋಯಿತು. ಸೂವಾದ ಅರ್ಚಕರ ಪುಸ್ತಕ ಭೂಮಿಯ ಬಿಸಿಯನ್ನು ತಗ್ಗಿಸಲಿಲ್ಲ. ಸಾಯುವವನ ನಾಡಿ ಹಿಡಿದು ಎಣಿಸುತ್ತಾ ಕೂತವನಿಗೂ ಇವರಿಗೂ ಏನು ವ್ಯತ್ಯಾಸ? ಅಳೆಯುತ್ತಿದ್ದೇವೆ ಎಂಬ ಸಮಾಧಾನ ಏನೂ ಮಾಡದಿರಲು ಪರವಾನಗಿ ಆಗುವುದೂ ಉಂಟು. ವರದಿಗಳ ಮೇಲೆ ವರದಿ ಬರೆಸಿ ಬೀರುವಿಗೆ ಹಾಕುವ ನಮ್ಮ ನಾಡಿನಲ್ಲಿ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಲೆಕ್ಕ ಇಡುವುದು ಪರಿಹಾರ ಎಂದು ನಾನು ವಾದಿಸುವುದಿಲ್ಲ. ಪರಿಹಾರ ಬೇರೆಯವರ ಕೆಲಸವಾಗಿರಬಹುದು, ಅವರು ಮಾಡದೆಯೂ ಇರಬಹುದು. ಆದರೆ ಏನು ಕಳೆಯಿತು, ಯಾವಾಗಿನಿಂದ, ಯಾರಿಂದ ಎಂದು ಮುಂದೆ ಯಾರಾದರೂ ಕೇಳುವ ಸಾಧ್ಯತೆಯನ್ನು ಲೆಕ್ಕವಿಲ್ಲದ ಊರು ಮೊದಲೇ ಅಳಿಸಿಬಿಡುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಅದು ಧರ್ಮಾಂಬುಧಿ ಕೆರೆಯ ಅಂಗಳ ಎಂದು ಗೊತ್ತಿದ್ದರೂ ಗೊತ್ತಿರಬಹುದು. ಯಾವ ವರ್ಷ ಎಷ್ಟು ನೀರಿತ್ತು ಎಂದು ಹೇಳಬಲ್ಲವರು ಸಿಗುವುದು ಕಷ್ಟ.

ನಮಗೆ ಅಳೆಯಲು ಬರುವುದಿಲ್ಲ ಎಂದೇನಲ್ಲ. ಕಾವೇರಿಯ ಗಡಿಯಲ್ಲಿ ಬಿಳಿಗುಂಡ್ಲು ಎಂಬಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಿಗದಿ ಮಾಡಿದ 177.25 ಟಿಎಂಸಿ ಅಡಿ ನೀರು ತಮಿಳುನಾಡಿಗೆ ಹೋಯಿತೇ ಎಂದು ನೋಡುವುದು ಅಲ್ಲಿ. ಒಂದು ದಿನದ ಅಂಕಿ ತಪ್ಪಿದರೂ ಕೇಳುವವರಿದ್ದಾರೆ, ವಕೀಲರಿದ್ದಾರೆ. ಜಗಳ ಇರುವಲ್ಲಿ ಲೆಕ್ಕ ಚೊಕ್ಕವಾಗಿರುತ್ತದೆ. ಉಲ್ಲಾಳ ಕೆರೆಯ ಮಟ್ಟದ ಬಗ್ಗೆ ನಮ್ಮೊಡನೆ ಜಗಳ ಆಡಬೇಕಾದವರು 2080ರಲ್ಲಿ ಇದೇ ಬಡಾವಣೆಗಳಲ್ಲಿ ಇರುವವರು. ಅವರಿಗೆ ಇನ್ನೂ ವಕೀಲರಿಲ್ಲ.

ಮನೆಮನೆಯ ಬೋರ್‌ವೆಲ್ ವಿಷಯದಲ್ಲಂತೂ ನಮ್ಮ ಲೆಕ್ಕ ತಮಾಷೆಯಾಗಿದೆ. ಕೊರೆಸಿದ ದಿನ ಎಷ್ಟು ಅಡಿಗೆ ನೀರು ಸಿಕ್ಕಿತು ಎಂಬುದು ಮನೆಯವರಿಗೆಲ್ಲ ಮಕ್ಕಳ ಹುಟ್ಟಿದ ದಿನದ ಹಾಗೆ ನೆನಪಿರುತ್ತದೆ. ಆಮೇಲೆ ಅಳತೆ ಇಲ್ಲ. ಮುಂದಿನ ಸುದ್ದಿ ಮೋಟಾರು ಬರೀ ಗಾಳಿ ಎಳೆದ ದಿನವೇ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರ ಹೇಳಿದಾಗ ಎಲ್ಲರೂ ಬೆಚ್ಚಿದರು. ನೆಲದೊಳಗಿನ ನೀರು ಒಂದೇ ಬೇಸಿಗೆಯಲ್ಲಿ ಇಳಿದಿರಲಿಲ್ಲ. ನಡುವಿನ ವರ್ಷಗಳಲ್ಲಿ ದಾರ ಬಿಟ್ಟು ನೋಡಿದ ಮನೆಗಳು ಬಹಳ ಕಡಿಮೆ.

ಮಲ್ಲತ್ತಹಳ್ಳಿ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ನಡೆಯುವವರನ್ನು ನೋಡಿದಾಗ ನನಗೆ ಅನ್ನಿಸುವುದುಂಟು, ಅಳೆಯುವ ಹುಚ್ಚು ನಮ್ಮಲ್ಲಿ ಕಡಿಮೆ ಏನಿಲ್ಲ. ಮಣಿಕಟ್ಟಿನ ಗಡಿಯಾರ ಹೆಜ್ಜೆ ಎಣಿಸುತ್ತದೆ, ನಾಡಿ ಎಣಿಸುತ್ತದೆ, ನಡೆಯದ ದಿನಕ್ಕೆ ಸೊನ್ನೆಯನ್ನೂ ಹಾಕುತ್ತದೆ. ಒಂದು ಕೆರೆಗೆ ಬೇಕಾದದ್ದು ಅದಕ್ಕಿಂತ ಅಗ್ಗದ ಸಾಮಾನು: ಅಡಿ, ಇಂಚು ಗುರುತು ಮಾಡಿದ ಒಂದು ಕಲ್ಲುಕಂಬ, ಒಂದು ನೋಟ್‌ಬುಕ್, ಮತ್ತು ಹೇಗಿದ್ದರೂ ಆ ದಾರಿಯಲ್ಲಿ ದಿನವೂ ಸುತ್ತುವ ನಾಲ್ಕೈದು ಮಂದಿ. ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು ಬರೆಯಬಹುದು. ಇಬ್ಬರೂ ಹೋಗದ ದಿನದ ಎದುರು ‘ನೋಡಿಲ್ಲ’ ಎಂದು ಬರೆಯಬಹುದು, ನಿನ್ನೆಯ ಅಂಕಿಯನ್ನು ಇಳಿಸದೆ.