ಕಾರ್ಖಾನೆಯ ರೈಲು, ಕೈಯಲ್ಲಿ ತಿದ್ದಿದ ರೈಲು

ಪುಟ್ಟ ಮಾದರಿ ರೈಲುಗಳನ್ನು ಕೂಡಿಡುವವರು ನಾಲ್ಕು ಜನ ಸೇರಿದರೆ ಒಂದು ಹಳೆಯ ವಾದ ಏಳುತ್ತದೆ. ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಟ್ಟ ಕೂಡಲೇ ಓಡುವ ಹೊಸ ಮಾದರಿ ಹೆಚ್ಚೋ, ಹಳೆಯದೊಂದನ್ನು ಕೊಯ್ದು, ಉಜ್ಜಿ, ಬಣ್ಣ ಬಳಿದು ತಿದ್ದಿಕೊಂಡದ್ದು ಹೆಚ್ಚೋ? ಕೊನೆಗೆ ವಾದ ಬಂದು ನಿಲ್ಲುವುದು ಒಂದೇ ಕಡೆ: ಯಾವುದು ನಿಜವಾದ ರೈಲಿಗೆ ಹತ್ತಿರ? ಆ ಲೆಕ್ಕದಲ್ಲಿ ಹೊಸದು ಗೆಲ್ಲುತ್ತದೆ, ವಾದ ಅಲ್ಲಿಗೆ ಮುಗಿಯುತ್ತದೆ. ನನಗೆ ಮಾತ್ರ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ನಿಜವಾದ ರೈಲು ಎನ್ನುವುದು ಯಾರ ರೈಲು? ಅದರ ಆಯುಷ್ಯದ ಯಾವ ದಿನದ ರೂಪ?

ಹೊಸದಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಇಂದಿನ ಎಂಜಿನ್ ಮಾದರಿಯಲ್ಲಿ ಚಾಲಕ ಹಿಡಿದು ಹತ್ತುವ ಕಂಬಿ ಪ್ರತ್ಯೇಕ ತಂತಿಯಾಗಿ ಕೂತಿರುತ್ತದೆ. ಹಳೆಯದರಲ್ಲಿ ಅದು ಪ್ಲಾಸ್ಟಿಕ್ ಮೈಯಿಂದಲೇ ಉಬ್ಬಿದ ಒಂದು ಗೆರೆ ಮಾತ್ರ. ಹೊಸದರ ಮೋಟರಿಗೆ ಫ್ಲೈವೀಲ್ ಇರುವುದರಿಂದ ಅದು ತೆವಳುವಷ್ಟು ನಿಧಾನವಾಗಿಯೂ ಜಗ್ಗದೆ ಚಲಿಸುತ್ತದೆ. ಒಳಗಿನ ಡಿಜಿಟಲ್ ಚಿಪ್ಪು ಒಂದೇ ಹಳಿಯ ಮೇಲಿನ ಎರಡು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸುತ್ತದೆ, ಸಿಳ್ಳೆ ಹಾಕಿಸುತ್ತದೆ. ಗಾಲಿಯ ಅಂಚು ತೆಳುವಾಗಿದೆ, ಅಕ್ಷರಗಳು ಭೂತಗನ್ನಡಿ ಹಿಡಿದರೂ ಓದಲು ಬರುತ್ತವೆ. ಕಾರ್ಖಾನೆಯ ಕೆಲಸಗಾರರು ಕಣ್ಣು ನೆಟ್ಟು ಮಾಡಿದ ಕೆಲಸ ಅದು. ಅದನ್ನು ಆಟಿಕೆ ಎಂದು ಕಡೆಗಣಿಸುವವರ ಜೊತೆ ನಾನಿಲ್ಲ.

ಆದರೆ ಅದು ಸಿದ್ಧವಾಗಿರುವುದು ಯಾರಿಗೆ? ಬ್ರಿಟನ್ನಿನ ಹಾರ್ನ್‌ಬಿ, ಜರ್ಮನಿಯ ಮಾರ್ಕ್ಲಿನ್, ಜಪಾನಿನ ಕಾಟೋ ತಮ್ಮ ತಮ್ಮ ಗಿರಾಕಿಗಳ ನೆನಪಿಗೆ ತಕ್ಕ ರೈಲು ಮಾಡುತ್ತವೆ. ಮಾಡಬೇಕಾದದ್ದೂ ಹಾಗೆಯೇ. ನಮ್ಮ ನೆನಪಿನ ರೈಲು ಮಾತ್ರ ಬೇರೆ. ನಮ್ಮೂರು ಹರ್ತಿಯಲ್ಲಿ ರೈಲು ನಿಲ್ದಾಣವಿಲ್ಲ, ರೈಲು ಹತ್ತಬೇಕೆಂದರೆ ಗದಗಕ್ಕೆ ಹೋಗಬೇಕು. ಆ ಗದಗಕ್ಕೆ ರೈಲು ತಂದದ್ದು ಸದರ್ನ್ ಮರಾಠಾ ರೈಲ್ವೆ. 1876–78ರ ಭೀಕರ ಬರದ ನಂತರ ಬರಪೀಡಿತ ಸೀಮೆಗೆ ಕಾಳುಕಡಿ ಸಾಗಿಸುವ ದಾರಿ ಬೇಕೆಂಬ ಯೋಚನೆಯಿಂದ ಹುಟ್ಟಿ 1882ರಲ್ಲಿ ಸ್ಥಾಪನೆಯಾದ ಕಂಪನಿ ಅದು. ಅದೇ ದಶಕದಲ್ಲಿ ಗದಗು ಹೊಟಗಿ, ಬಳ್ಳಾರಿ, ಹುಬ್ಬಳ್ಳಿಗಳ ಜೊತೆ ಮೀಟರ್‌ಗೇಜ್ ಹಳಿಯಿಂದ ಕೂಡಿಕೊಂಡಿತು. ಒಂದು ನೂರು ವರ್ಷಕ್ಕೂ ಮಿಕ್ಕಿ ನಮ್ಮ ಸುತ್ತಿನ ಊರುಗಳ ಜನ ರೈಲು ಎಂದು ಕಂಡದ್ದು ಆ ಹಳಿಯ ಮೇಲೆ ಓಡಿದ್ದನ್ನೇ. ಹುಬ್ಬಳ್ಳಿ ಕಡೆಯ ದಾರಿ 1990ರ ದಶಕದಲ್ಲಿ, ಹೊಟಗಿ ಕಡೆಯದು 2000ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಆ ಮೀಟರ್‌ಗೇಜ್ ಗಾಡಿಯನ್ನು ನಾನು ನೋಡಿದ ಯಾವ ದೊಡ್ಡ ಕಂಪನಿಯ ಪಟ್ಟಿಯಲ್ಲೂ ಕಂಡಿಲ್ಲ. ಬೇಕೆಂದರೆ ಇದ್ದದ್ದನ್ನು ತಿದ್ದಿಯೇ ಮಾಡಿಕೊಳ್ಳಬೇಕು.

ಇಲ್ಲಿ ಅಳತೆಯ ಮಾತು ಸ್ವಲ್ಪ ಹೇಳಲೇಬೇಕು. ಮಾದರಿ ರೈಲಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಹಳಿಯ ಅಗಲ 16.5 ಮಿಲಿಮೀಟರ್. ಯುರೋಪಿನ 1435 ಮಿಲಿಮೀಟರ್ ಹಳಿಯನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಬರುವ ಲೆಕ್ಕ ಅದು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದೇ ಪಾಲಿನಲ್ಲಿ ಅದಕ್ಕೆ 19 ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲ ಬೇಕು. ಅಂದರೆ ಭಾರತದ ಬೋಗಿಯನ್ನು ಎಷ್ಟೇ ಚೊಕ್ಕವಾಗಿ ಮಾಡಿದರೂ, ಮಾರುಕಟ್ಟೆಯ ಹಳಿಯ ಮೇಲಿಟ್ಟರೆ ಕಾಲು ಒಳಗೆ ಸೇರಿಸಿಕೊಂಡು ನಿಂತ ಹಾಗೆ ಕಾಣುತ್ತದೆ. ಮೀಟರ್‌ಗೇಜ್‌ನ ಲೆಕ್ಕ ಬೇರೆ. 1000 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 11.5. ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆಯ ಹಳಿಯೂ ಮೀಟರ್‌ಗೇಜೇ ಆದ್ದರಿಂದ, ಅದರ ಮಾದರಿಗಳನ್ನು ಮಾಡುವ ಜರ್ಮನಿಯ ಬೆಮೋ ಕಂಪನಿ 12 ಮಿಲಿಮೀಟರ್ ಹಳಿಗೆ ಹೊಂದುವ ಗಾಡಿಗಳನ್ನು ಮಾರುತ್ತದೆ. ಆಲ್ಪ್ಸ್ ಪರ್ವತ ಹತ್ತುವ ಕೆಂಪು ರೈಲಿನ ಗಾಲಿಗಳ ಮೇಲೆ ಗದಗಿನ ಬೋಗಿಯ ಮೈ ಕೂರಿಸಬಹುದು, ಅಳತೆ ಹೆಚ್ಚುಕಡಿಮೆ ತಪ್ಪುವುದಿಲ್ಲ. ನಮ್ಮ ರೈಲಿಗೆ ಹತ್ತಿರದ ದಾರಿ ತಿದ್ದುಪಡಿಯೇ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಡ.

ಸಿದ್ಧ ಮಾದರಿ ಎನ್ನುವುದು ಯಾವ ರಾಜಿಯೂ ಇಲ್ಲದ ಶುದ್ಧ ವಸ್ತುವೇ ಎಂದು ನೋಡಿದರೆ, ಅದೂ ಅಲ್ಲ. ಬ್ರಿಟನ್ನಿನ ಎಂಜಿನ್‌ಗಳು ಯುರೋಪಿನವಕ್ಕಿಂತ ಚಿಕ್ಕವು. ಅಂದಿನ ಮೋಟರುಗಳು ಆ ಪುಟ್ಟ ಮೈಯೊಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಅಲ್ಲಿನ ತಯಾರಕರು ಮೈಯನ್ನು 76ರಲ್ಲಿ ಒಂದು ಪಾಲಿಗೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5ರಲ್ಲೇ ಉಳಿಸಿಕೊಂಡರು. ನ್ಯಾಯವಾಗಿ ಅದಕ್ಕೆ 18.83 ಬೇಕಿತ್ತು. ಅಂದಿನ ಆ ಹೊಂದಾಣಿಕೆ ಇಂದಿಗೂ ಬ್ರಿಟನ್ನಿನಲ್ಲಿ ನಡೆದುಕೊಂಡು ಬಂದಿದೆ. ಹೊಸ ಮಾದರಿಯ ಹೊಳೆಯುವ ಮೈಯ ಕೆಳಗೂ ತಿದ್ದುಪಡಿ ಇದೆ. ಮಾಡಿದವರು ಬೇರೆಯವರು, ಕೊಂಡವನಿಗೆ ಅದರ ಗೊಡವೆ ಇಲ್ಲ, ಅಷ್ಟೇ ಅಂತರ.

ತಿದ್ದುವ ಕೆಲಸದಲ್ಲಿ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಯುರೋಪಿನ ಹಳೆಯ ಬೋಗಿಯೊಂದು ಮುಂದಿದೆ ಎನ್ನಿ. ಮೊದಲು ಎರಡೂ ತುದಿಯಲ್ಲಿ ಧಕ್ಕೆ ತಾಳುವ ಜೋಡಿ ಬಫರ್‌ಗಳನ್ನು ಕೊಯ್ಯಬೇಕು, ನಮ್ಮ ಮೀಟರ್‌ಗೇಜ್ ಬೋಗಿಗೆ ನಡುವೆ ಒಂದೇ ಬಫರ್. ಆಮೇಲೆ ಕಿಟಕಿ. ಅಲ್ಲಿನ ಬೋಗಿಯದು ಅಗಲವಾದ ಒಂದೇ ಗಾಜು. ನಮ್ಮದಕ್ಕೆ ಅಡ್ಡ ಕಂಬಿಗಳು. ಕೈ ಹೊರಗಿಟ್ಟು ಚಹಾ ಈಸಿಕೊಂಡದ್ದು, ಕಂಬಿಗೆ ಹಣೆ ಒತ್ತಿ ಊರು ಹಿಂದೆ ಸರಿಯುವುದನ್ನು ನೋಡಿದ್ದು ಆ ಕಂಬಿಗಳ ನಡುವಿನಿಂದ. 10 ಮಿಲಿಮೀಟರ್ ದಪ್ಪದ ಕಂಬಿಯನ್ನು 87ರ ಪಾಲಿಗೆ ಇಳಿಸಿದರೆ 0.115 ಮಿಲಿಮೀಟರ್. ಹಳೆಯ ರೇಡಿಯೋದ ಸುರುಳಿಯಿಂದ ಬಿಚ್ಚಿದ 40 ಗೇಜಿನ ತಾಮ್ರದ ತಂತಿ 0.122 ಇರುತ್ತದೆ, ಅದು ಸಾಕು. ತಂತಿಯನ್ನು ಎರಡೂ ಕಡೆ ಹಿಡಿದು ಒಮ್ಮೆ ಜಗ್ಗಿದರೆ ಅದರ ಸೊಟ್ಟು ಹೋಗಿ ಸೆಟೆದು ನಿಲ್ಲುತ್ತದೆ. ಕಿಟಕಿಯ ಒಳಮೈಗೆ ಚಿಮುಟದಿಂದ ಒಂದೊಂದೇ ಎಳೆ ಇಟ್ಟು, ತುದಿಗೆ ಸೂಜಿಮೊನೆಯಷ್ಟು ಅಂಟು ತಾಗಿಸಬೇಕು. ಉಸಿರು ಜೋರಾಗಿ ಬಿಟ್ಟರೂ ಎಳೆ ಕದಲುತ್ತದೆ.

ಕೈಚಳಕಕ್ಕಿಂತ ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಸಂಗತಿ. ಎಳೆ ಇಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು: ಕಿಟಕಿಗೆ ಕಂಬಿ ಎಷ್ಟು? ವರ್ಷಗಟ್ಟಲೆ ಆ ಕಿಟಕಿಯ ಪಕ್ಕ ಕೂತವರನ್ನು ಕೇಳಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಗ ಫೋಟೋ ಹುಡುಕಬೇಕು, ನಿಂತ ಬೋಗಿ ಎಲ್ಲಿದೆ ಎಂದು ವಿಚಾರಿಸಿ ಹೋಗಿ ಎಣಿಸಬೇಕು. ಸಿದ್ಧ ಮಾದರಿ ಕೊಂಡವನಿಗೆ ಈ ಪ್ರಶ್ನೆ ಏಳುವುದೇ ಇಲ್ಲ, ಉತ್ತರ ಪೆಟ್ಟಿಗೆಯೊಳಗೇ ಬಂದಿರುತ್ತದೆ. ಆ ಉತ್ತರ ಸರಿಯಾಗಿಯೇ ಇರಬಹುದು. ಆದರೂ ಅದು ಅವನ ಉತ್ತರವಲ್ಲ. ಯಾರಾದರೂ ಪ್ರಶ್ನಿಸಿದರೆ ಅವನು ಕಂಪನಿಯ ಕಡೆ ಕೈ ತೋರಿಸಬೇಕು. ತಿದ್ದಿದವನು ತಾನೇ ಹೊಣೆ ಹೊರಬೇಕು. ತಿಳಿದಿದ್ದೇನೆ ಎನ್ನುವುದಕ್ಕೂ ತಿಳಿದುಕೊಂಡದ್ದಕ್ಕೆ ಜವಾಬು ಹೇಳುತ್ತೇನೆ ಎನ್ನುವುದಕ್ಕೂ ಇರುವ ಅಂತರ ಇದು. ಮಾದರಿ ಕಟ್ಟುವುದನ್ನು ನಾನು ಹವ್ಯಾಸಕ್ಕಿಂತ ದೊಡ್ಡದು ಎಂದುಕೊಂಡಿರುವುದು ಈ ಅಂತರದಿಂದ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಗಾಲಿ ಬೇರೆ, ಬಫರ್ ಬೇರೆ, ಕಿಟಕಿ ಬೇರೆ, ಬಣ್ಣ ಬೇರೆ ಮಾಡಿದ ಮೇಲೆ ಅಲ್ಲಿ ಹಳೆಯ ಮಾದರಿ ಉಳಿದದ್ದೆಲ್ಲಿ? ಅದನ್ನು ತಿದ್ದಿದ್ದು ಎನ್ನುವುದಕ್ಕಿಂತ ಕೆಡಿಸಿದ್ದು ಎನ್ನಬಾರದೇಕೆ? ಈ ಪ್ರಶ್ನೆ ನಮ್ಮ ನೆಲದ ಚಿಂತನೆಯಲ್ಲಿ ಬಹಳ ಹಿಂದೆಯೇ ಬಂದಿದೆ. ‘ಮಿಲಿಂದಪಞ್ಹ’ ಎಂಬ ಬೌದ್ಧ ಗ್ರಂಥದಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಅವನು ಏರಿ ಬಂದ ರಥದ ಬಗ್ಗೆ ವಿಚಾರಿಸುತ್ತಾನೆ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳಿ, ಯಾವುದೂ ಅಲ್ಲ ಎಂದು ರಾಜನ ಬಾಯಿಂದಲೇ ಹೇಳಿಸುತ್ತಾನೆ. ರಥ ಎನ್ನುವುದು ಆ ಎಲ್ಲದರ ಕೂಟಕ್ಕೆ ಇಟ್ಟ ಹೆಸರು ಮಾತ್ರ ಎಂಬುದು ಅಲ್ಲಿನ ನಿಲುವು. ತೇರು ಎಳೆಯುವ ಊರಿನ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರ್ತಿ ಬಸವೇಶ್ವರನ ತೇರಿಗೆ ಕೈ ಹಚ್ಚುವ ನಮಗೆ, ಯಾವ ಊರಿನ ತೇರೇ ಆಗಲಿ, ಬಡಿಗೇರರು ಸವೆದ ಗಾಲಿ ಬದಲಿಸಿದ ಮೇಲೂ, ಸೀಳಿದ ಅಚ್ಚು ತೆಗೆದು ಬೇರೆ ಹಾಕಿದ ಮೇಲೂ ಅದೇ ತೇರು. ಯಾಕೆಂದರೆ ಅದೇ ದೇವರಿಗೆ, ಅದೇ ದಾರಿಯಲ್ಲಿ, ಅದೇ ಜನ ಎಳೆಯುತ್ತಾರೆ. ವಸ್ತುವಿನ ಗುರುತು ಅದರ ಮರದಲ್ಲಿರುವಷ್ಟೇ ಅದು ಮಾಡುವ ಕೆಲಸದಲ್ಲೂ ಇದೆ.

ನಾಗಸೇನನ ತರ್ಕಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲು ನನಗೆ ರೈಲ್ವೆಯೇ ಆಧಾರ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 1885ರಿಂದ ನಡೆಯುತ್ತಿದೆ. ಸವೆದು ಬಂದದ್ದನ್ನು ಬಿಚ್ಚಿ, ನೋಡಿ, ಬದಲಿಸಿ, ಮತ್ತೆ ಹಳಿಗೆ ಕಳಿಸುವುದು ಅಲ್ಲಿನ ಕಸುಬು. ಯಾವ ಬೋಗಿಯೂ ಹುಟ್ಟಿದ ದಿನದ ರೂಪದಲ್ಲಿ ಸಾಯುವುದಿಲ್ಲ. 1955ರಲ್ಲಿ ಶುರುವಾದ ಪೆರಂಬೂರಿನ ಬೋಗಿ ಕಾರ್ಖಾನೆ ಐಸಿಎಫ್ ಸ್ವಿಸ್ ನಕ್ಷೆಯ ಮೇಲೆ ಕಟ್ಟಿದ ಬೋಗಿಗಳನ್ನೇ ನೋಡಿ: ಕಂದುಗೆಂಪು ಬಣ್ಣದಲ್ಲಿ ಬಂದವು, ನೀಲಿಯಾದವು. ಪ್ರಯಾಣಿಕರ ಸೇವೆ ಮುಗಿಸಿದ ಎಷ್ಟೋ ಬೋಗಿಗಳ ಕಿಟಕಿ ಮುಚ್ಚಿ, ಸೀಟು ಕಿತ್ತು, ತುದಿಯಲ್ಲಿ ದೊಡ್ಡ ಬಾಗಿಲು ಕೂರಿಸಿ, ಕಾರು ಸಾಗಿಸುವ ಗಾಡಿ ಮಾಡಿದರು. ನಮ್ಮ ಮೀಟರ್‌ಗೇಜ್ ವೈಡಿಎಂ–4 ಡೀಸೆಲ್ ಎಂಜಿನ್‌ಗಳು ಇಲ್ಲಿ ಹಳಿ ಕಳೆದುಕೊಂಡ ಮೇಲೆ ಮ್ಯಾನ್ಮಾರ್‌ಗೆ ಹೋಗಿ ದುಡಿದವು. ಗದಗಿನ ಹಳಿಯೇ ಅಗಲವಾಯಿತು. ಆದರೂ ಅದನ್ನು ನಾವು ಗದಗ–ಹುಬ್ಬಳ್ಳಿ ಲೈನು ಎಂದೇ ಕರೆಯುತ್ತೇವೆ.

ಹಾಗಿದ್ದಲ್ಲಿ ಸಿದ್ಧ ಮಾದರಿ ತೋರಿಸುವುದು ರೈಲಿನ ಒಂದೇ ಒಂದು ದಿನವನ್ನು, ಕಾರ್ಖಾನೆಯಿಂದ ಹೊರಬಿದ್ದ ದಿನವನ್ನು. ಉಳಿದ ಮೂವತ್ತು, ನಲವತ್ತು ವರ್ಷದ ದುಡಿಮೆ ಅದರಲ್ಲಿಲ್ಲ. ಕಂಪನಿಗಳಿಗೂ ಈ ಕೊರತೆ ಗೊತ್ತು, ಅದಕ್ಕೇ ಧೂಳು, ತುಕ್ಕು ಬಳಿದ ಮಾದರಿಗಳನ್ನೂ ಮಾರುತ್ತವೆ. ಒಂದು ಸಾವಿರ ಪೆಟ್ಟಿಗೆಗಳಲ್ಲಿ ಒಂದೇ ಬಗೆಯ ಧೂಳು! ಗದಗಿನ ಎರೆಮಣ್ಣಿನ ಕಪ್ಪು ಧೂಳು ಬೇರೆ, ಕಪ್ಪತಗುಡ್ಡದ ಕಡೆಯ ಕೆಂಪು ಬೇರೆ. ಬ್ರೇಕಿನ ಕಬ್ಬಿಣದ ಪುಡಿ ಗಾಲಿಯ ಸುತ್ತಮುತ್ತ ಹೆಚ್ಚು ಕೂಡುತ್ತದೆ, ಕಲ್ಲಿದ್ದಲಿನ ಮಸಿ ಎಂಜಿನ್ನಿಗೆ ಹತ್ತಿರದ ಬೋಗಿಯ ಸೂರಿಗೆ ಹೆಚ್ಚು ಹತ್ತುತ್ತದೆ. ಕೊಳೆಗೂ ಒಂದು ಕಾರಣ ಇರಬೇಕು. ಕಾರಣ ತಿಳಿದವನು ಬಳಿದ ಕೊಳೆಯಲ್ಲಿ ಆ ಬೋಗಿ ಓಡಿದ ದಾರಿ ಕಾಣುತ್ತದೆ.

ಸಂಗ್ರಾಹಕರ ದೂರನ್ನು ಮಾತ್ರ ನಾನು ಪಕ್ಕಕ್ಕೆ ಸರಿಸಲಾರೆ. 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೋದಂಥ ಮಾದರಿಗಳು ಇಂದು ತಾವೇ ಚರಿತ್ರೆ. ಆ ಕಾಲದ ಜಿಂಕ್ ಎರಕದಲ್ಲಿ ಸೀಸದಂಥ ಕಲ್ಮಷ ಸೇರಿ ಎಷ್ಟೋ ಎಂಜಿನ್‌ಗಳು ಒಳಗಿಂದಲೇ ಉಬ್ಬಿ ಒಡೆದು ಹೋಗಿವೆ. ಉಳಿದವುಗಳ ಮೇಲೆ ಗರಗಸ ಇಡುವುದು ಅನ್ಯಾಯ. ಅಂಥವನ್ನು ಮುಟ್ಟಬಾರದು, ಕೆಟ್ಟ ಬಣ್ಣವಿದ್ದರೂ ಹಾಗೇ ಇಡಬೇಕು. ಲಕ್ಷಗಟ್ಟಲೆ ಅಚ್ಚಾದ, ಬಫರ್ ಮುರಿದು ಮೂಲೆ ಸೇರಿದ ಸಾಧಾರಣ ಬೋಗಿಗೆ ಆ ನಿಯಮ ಬೇಡ. ಅದನ್ನು ಕೊಯ್ಯುವವನೂ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಲಿ, ಕಿತ್ತ ಭಾಗವನ್ನು ಒಂದು ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಲಿ. ಹಳೆಯವಕ್ಕೆ ಇನ್ನೊಂದು ಗುಣ ಇದೆ: ಅವನ್ನು ಬಿಚ್ಚಲೆಂದೇ ಮಾಡಿದ್ದರು. ಮೋಟರಿನ ಬ್ರಷ್ಷು, ಸ್ಪ್ರಿಂಗು ಒಂದು ಸ್ಕ್ರೂಡ್ರೈವರಿಗೆ ಸಿಗುತ್ತವೆ. ಹೊಸದರ ಎಲೆಕ್ಟ್ರಾನಿಕ್ ಹಲಗೆ ಸುಟ್ಟು ಹೋಗಿ, ಅಷ್ಟು ಹೊತ್ತಿಗೆ ಆ ಮಾದರಿಯ ತಯಾರಿಕೆಯೇ ನಿಂತಿದ್ದರೆ, ಅದು ಗಾಜಿನ ಕಪಾಟಿಗೆ ಮಾತ್ರ.

ತಿದ್ದಿದ್ದೆಲ್ಲ ಚೆನ್ನ ಎಂದೂ ನಾನು ಹೇಳುವುದಿಲ್ಲ. ಅಳತೆ ನೋಡದೆ, ಫೋಟೋ ನೋಡದೆ, ಮನಸ್ಸಿಗೆ ಬಂದ ಬಣ್ಣ ಬಳಿದ ಬೋಗಿ ಸಿದ್ಧ ಮಾದರಿಗಿಂತ ಕಡೆ. ಸಿದ್ಧ ಮಾದರಿಯ ಹಿಂದೆ ಒಬ್ಬ ಎಂಜಿನಿಯರ್ ನಕ್ಷೆ ನೋಡಿದ್ದಾನೆ. ಇದರ ಹಿಂದೆ ಯಾರೂ ಏನೂ ನೋಡಿಲ್ಲ. ಮಗುವಿನ ಕೈಗೆ ಮೊದಲ ರೈಲು ಕೊಡುವವರು ಹೊಸದನ್ನೇ ಕೊಡಲಿ, ಓಡುವ ರೈಲಿನ ಸಂತೋಷ ಮೊದಲು, ಉಳಿದದ್ದು ಆಮೇಲೆ. ಆದರೆ ಮೀಟರ್‌ಗೇಜ್ ಕಾಲದ ಗದಗನ್ನು ಮೇಜಿನ ಮೇಲೆ ತರಬೇಕು ಎನ್ನುವವರಿಗೆ ನನ್ನ ತೀರ್ಪು ಒಂದೇ: ಹಳೆಯದನ್ನು ತಿದ್ದಿ. ಕಾರ್ಖಾನೆಯವರು ಎಂದಾದರೂ ಮಾಡಿಯಾರು ಎಂದು ಕಾಯುತ್ತ ಕೂರಬೇಡಿ, ಅಷ್ಟರಲ್ಲಿ ಆ ಗಾಡಿ ಹತ್ತಿದವರೇ ಇರುವುದಿಲ್ಲ.

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮೀಟರ್‌ಗೇಜ್ ಗಾಡಿಗಳು ನಿಂತಿವೆ, 1979ರಿಂದ ಅದು ಜನರಿಗೆ ತೆರೆದಿದೆ. ಹುಬ್ಬಳ್ಳಿಯಲ್ಲೂ 2020ರಿಂದ ಒಂದು ರೈಲ್ವೆ ವಸ್ತುಸಂಗ್ರಹಾಲಯವಿದೆ. ಹೋಗುವಾಗ ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಒಯ್ಯಿರಿ. ಕಿಟಕಿಯ ಅಗಲ, ಮೆಟ್ಟಿಲ ಎತ್ತರ, ಕಂಬಿಗಳ ಸಂಖ್ಯೆ ಬರೆದುಕೊಳ್ಳಿ. ಹರ್ತಿ, ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿಯ ಹಿರಿಯರ ಮನೆಗಳಲ್ಲಿ ಗದಗ ಸ್ಟೇಷನ್ನಿನಲ್ಲಿ ತೆಗೆಸಿದ ಮದುವೆ ದಿಬ್ಬಣದ, ಬೀಳ್ಕೊಡುಗೆಯ ಹಳೆಯ ಫೋಟೋ ಇದ್ದರೆ, ಜನರ ಹಿಂದೆ ನಿಂತ ಬೋಗಿಯನ್ನೂ ಒಮ್ಮೆ ನೋಡಿ. ಫೋಟೋದ ಪ್ರತಿ ತೆಗೆಸಿ, ಹಿಂಬದಿಗೆ ವರ್ಷ ಬರೆದಿಡಿ.