ತಟ್ಟೆ ಮತ್ತು ಬಟ್ಟಲು: ಹೊಂದಿಕೆಯನ್ನು ಕುರಿತು ಒಂದು ಚಿಂತನೆ

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಇಟಲಿಯ ವೈನನ್ನು ಕುರಿತು ಬರೆಯುತ್ತೇವೆಂದು ಹೇಳಲು ನಮಗೆ ಸಂಕೋಚವಾಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವರು ನಾವು. ಮದ್ಯವನ್ನು ಎಂದೂ ಮುಟ್ಟಿದವರಲ್ಲ. ಈ ವಯಸ್ಸಿನಲ್ಲಿ ಮುಟ್ಟುವ ಹಂಬಲವೂ ಇಲ್ಲ. ಆದರೆ ಮಗಳೂ ಅಳಿಯನೂ ಉದ್ಯೋಗನಿಮಿತ್ತ ಈಶಾನ್ಯ ಇಟಲಿಯ ವಿಚೆಂಝಾ ನಗರದಲ್ಲಿ ನೆಲೆಸಿರುವುದರಿಂದ ಎರಡು ತಿಂಗಳು ಅಲ್ಲಿದ್ದು ಬರುವ ಯೋಗ ಒದಗಿತು. ಅಲ್ಲಿ ಊಟದ ಮೇಜಿನ ಸುತ್ತ ನಡೆದ ಮಾತುಗಳು ನಮ್ಮಲ್ಲಿ ಎಬ್ಬಿಸಿದ ಪ್ರಶ್ನೆಯನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಇಟಲಿಯವರು ವೈನನ್ನು ಊಟದಿಂದ ಬೇರ್ಪಡಿಸಿ ಕಾಣುವುದಿಲ್ಲ. ಒಂದೇ ನೆಲದಲ್ಲಿ ಬೆಳೆದದ್ದು ಒಂದಕ್ಕೊಂದು ಹೊಂದುತ್ತದೆ ಎಂಬುದು ಅವರ ನಂಬಿಕೆ. ಮೋದೆನಾ, ಬೊಲೋನ್ಯಾ ಕಡೆಯ ಊಟ ಜಿಡ್ಡಿನದು: ಹಂದಿಮಾಂಸ, ಬೆಣ್ಣೆ, ಚೀಸ್. ಅದರೊಡನೆ ಲಂಬ್ರುಸ್ಕೋ ಎಂಬ ನೊರೆಯೇಳುವ ಕೆಂಪು ವೈನನ್ನು ಕುಡಿಯುತ್ತಾರೆ. ಅದರ ಹುಳಿಯೂ ನೊರೆಯೂ ನಾಲಗೆಗೆ ಅಂಟಿದ ಜಿಡ್ಡನ್ನು ತೊಳೆಯುತ್ತವೆ. ಟಸ್ಕನಿಯ ಕಿಯಾಂತಿಯಲ್ಲಿ ಒಗರು ಹೆಚ್ಚು. ಅಲ್ಲಿಯವರು ಕೆಂಡದ ಮೇಲೆ ಸುಟ್ಟ ಮಾಂಸದೊಡನೆ ಆ ಒಗರು ಮೆತ್ತಗಾಗುತ್ತದೆ. ಷಡ್ರಸಗಳಲ್ಲಿ ಒಗರಿಗೂ ಒಂದು ಸ್ಥಾನ ಕೊಟ್ಟಿರುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜೋಳದ ರೊಟ್ಟಿ, ಝುಣಕ ಉಂಡು ಮೇಲೊಂದು ಲೋಟ ಮಜ್ಜಿಗೆ ಕುಡಿಯುವವರಿಗೆ ಈ ಶಾಸ್ತ್ರವನ್ನು ಯಾರೂ ಕಲಿಸಬೇಕಾಗಿಲ್ಲ. ಕಾಶ್ಮೀರದ ಕ್ಷೇಮೇಂದ್ರ 11ನೆಯ ಶತಮಾನದಲ್ಲಿ ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸಿದ; ಅಡುಗೆಮನೆಯಲ್ಲಿ ಅದು ಬಹು ಹಿಂದೆಯೇ ನೆಲೆಸಿದ್ದಿರಬೇಕು.

ಹಾಗಾದರೆ ಈ ಹೊಂದಿಕೆ ಬರುವುದೆಲ್ಲಿಂದ? ಅದು ನೆಲದ ಗುಣವೋ, ಹುಟ್ಟಿನಿಂದ ಬಂದ ಹಕ್ಕೋ, ಅಥವಾ ಮನುಷ್ಯರು ಬಾಳಿ ಗಳಿಸಿಕೊಂಡದ್ದೋ?

ವಿಚೆಂಝಾದವರು ಹೆಮ್ಮೆಯಿಂದ ಬಡಿಸುವ ಖಾದ್ಯ 'ಬಕಲಾ'. ಕಲ್ಲಿನಂತೆ ಒಣಗಿದ ಕಾಡ್ ಮೀನನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಯಿಟ್ಟು, ಉಳ್ಳಾಗಡ್ಡಿ, ಆಲಿವ್ ಎಣ್ಣೆ, ಹಾಲು ಸೇರಿಸಿ ಸಣ್ಣ ಉರಿಯಲ್ಲಿ ನಾಲ್ಕು ತಾಸು ಬೇಯಿಸುತ್ತಾರೆ. ಸೌಟು ಹಾಕಿ ಕಲಕುವಂತಿಲ್ಲ. ಪಾತ್ರೆಯನ್ನು ಆಗಾಗ ಅಲುಗಿಸಬಹುದು, ಅಷ್ಟೇ. ಪಕ್ಕದಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ತಿರುವಿ ಮಾಡಿದ ಪೊಲೆಂತಾ, ನಮ್ಮ ಮುದ್ದೆಯ ದಾಯಾದಿ. ಬಟ್ಟಲಿನಲ್ಲಿ ಸಮೀಪದ ಬ್ರೆಗಾಂಝೆಯ ವೆಸ್ಪಾಯೋಲೊ ಎಂಬ ಬಿಳಿ ವೈನ್. ಮಾಗಿದ ಹಣ್ಣಿನ ಸಿಹಿಗೆ ಕಣಜಗಳು ಮುತ್ತುವುದರಿಂದ ಆ ದ್ರಾಕ್ಷಿಗೆ ಆ ಹೆಸರು. ವೈನ್ ಮಾತ್ರ ಚೆನ್ನಾಗಿ ಹುಳಿ, ಎಣ್ಣೆ ಹಾಲುಗಳ ಮೀನಿಗೆ ತಕ್ಕ ಜೋಡಿ. ಸಸ್ಯಾಹಾರಿಗಳಾದ ನಾವು ಪೊಲೆಂತಾ ಮಾತ್ರ ಉಂಡು ಉಳಿದದ್ದನ್ನು ಕೇಳಿ ತಿಳಿದೆವು.

ಈಗ ತಟ್ಟೆಯ ಪೂರ್ವೋತ್ತರವನ್ನು ವಿಚಾರಿಸೋಣ. ಆ ಮೀನು ಇಟಲಿಯ ಕಡಲಿನದಲ್ಲ, ನಾರ್ವೆಯದು. 1431ರಲ್ಲಿ ವೆನಿಸ್ಸಿನ ವರ್ತಕ ಪಿಯೆತ್ರೊ ಕ್ವೆರಿನಿ ಕ್ರೀಟಿನಿಂದ ವೈನ್ ಪೀಪಾಯಿಗಳನ್ನು ಹೇರಿಕೊಂಡು ಫ್ಲಾಂಡರ್ಸಿಗೆ ಹೊರಟ. ಬಿರುಗಾಳಿಗೆ ಸಿಕ್ಕಿ ಹಡಗು ನಾಶವಾಯಿತು. ಬದುಕುಳಿದ ಕೆಲವರೊಡನೆ 1432ರ ಆರಂಭದಲ್ಲಿ ಆತ ನಾರ್ವೆಯ ರೋಸ್ಟ್ ದ್ವೀಪ ಸೇರಿದ. ಅಲ್ಲಿಯ ಬೆಸ್ತರು ಅವರನ್ನು ತಮ್ಮ ಮನೆಗಳಲ್ಲಿಟ್ಟುಕೊಂಡು ಉಣಿಸಿದರು. ಒಣಮೀನಿನ ರುಚಿ ವೆನಿಸ್ ಸೀಮೆಗೆ ತಿಳಿದದ್ದು ಅವನಿಂದಲೇ ಎಂದು ಅಲ್ಲಿಯವರು ಹೇಳುತ್ತಾರೆ. ವೈನ್ ಹೊತ್ತ ಹಡಗು ಮುಳುಗಿ ಮೀನು ಬಂತು! ಮೆಕ್ಕೆಜೋಳ ಬಂದದ್ದು ಕೊಲಂಬಸನ ನಂತರ, ಅಮೆರಿಕದಿಂದ. ಉಳಿದದ್ದು ಬಟ್ಟಲಿನ ವೈನ್. ಅದರ ಬಳ್ಳಿ ಅಲ್ಲಿಯದೇ, ಬೇರು ಅಲ್ಲಿಯದಲ್ಲ. 19ನೆಯ ಶತಮಾನದಲ್ಲಿ ಫಿಲೊಕ್ಸೆರಾ ಎಂಬ ಬೇರು ತಿನ್ನುವ ಕೀಟ ಯುರೋಪಿನ ದ್ರಾಕ್ಷಿತೋಟಗಳನ್ನು ಹಾಳುಮಾಡಿದಾಗ, ಅದನ್ನು ತಾಳಬಲ್ಲ ಅಮೆರಿಕದ ಬೇರುಗಳ ಮೇಲೆ ತಮ್ಮ ಬಳ್ಳಿಗಳನ್ನು ಕಸಿ ಕಟ್ಟಿ ಉಳಿಸಿಕೊಂಡರು. ಜತ್ತ, ತಾಸಗಾಂವ ಕಡೆಯ ಬೆಳೆಗಾರರು ಡಾಗ್ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಅದೂ ಅಮೆರಿಕದ್ದೇ. ಸೊಲ್ಲಾಪುರದ ಶೇಂಗಾ ಚಟ್ನಿಯನ್ನು ನೆಂಟರಿಗೆ ಕಟ್ಟಿಕೊಡುವಾಗ, ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಕಡಲಾಚೆಯವು ಎಂದು ಯಾರು ನೆನೆಯುತ್ತಾರೆ?

ಹಾಗೆಂದು 'ನಮ್ಮದು' ಎಂಬ ಮಾತೇ ಸುಳ್ಳೆನ್ನಲು ನಾವು ಸಿದ್ಧರಿಲ್ಲ. ತಲೆಮಾರುಗಳ ಕಾಲ ಒಲೆಯ ಮುಂದೆ ಕುಳಿತು ನಾಲ್ಕು ತಾಸು ಕಾದವರಿಗೆ ಆ ಮೀನು ತಮ್ಮದೆನ್ನುವ ಅಧಿಕಾರವುಂಟು. ವಿಚೆಂಝಾದ ಬಳಿಯ ಸಾಂದ್ರಿಗೊ ಎಂಬ ಊರಿನಲ್ಲಿ 1987ರಿಂದ ಈ ಖಾದ್ಯಕ್ಕಾಗಿಯೇ ಒಂದು ಕೂಟವಿದೆ; ಆ ಊರು ರೋಸ್ಟ್ ದ್ವೀಪದೊಡನೆ ಸೋದರಸಂಬಂಧ ಇಟ್ಟುಕೊಂಡಿದೆ. ತಮ್ಮದೆನ್ನುತ್ತಲೇ ಕೊಟ್ಟವರನ್ನು ನೆನೆಯುವ ಈ ರೀತಿ ನಮಗೆ ಹಿಡಿಸಿತು. 1963ರಲ್ಲಿ ಇಟಲಿ ಕಾನೂನು ಮಾಡಿ ವೈನಿನ ಹೆಸರನ್ನು ಊರಿನ ಎಲ್ಲೆಗೆ ಕಟ್ಟಿಹಾಕಿದ್ದೂ ನ್ಯಾಯವೇ. ಆದರೆ ಗೆರೆ ಎಳೆದ ಮಾತ್ರಕ್ಕೆ ನಾಲಗೆ ಬದಲಾಗದೆಂಬುದನ್ನು 1956ರಿಂದೀಚೆಗೆ ಗೆರೆಯ ಈಚೆ ಬದುಕಿದ ನಮಗೆ ಯಾರೂ ಹೇಳಬೇಕಾಗಿಲ್ಲ. ಅದಿರಲಿ.

ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ಮಗಳ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಬ್ಬ ವೃದ್ಧರಿದ್ದರು. ಅವರೂ ನಿವೃತ್ತ ಶಿಕ್ಷಕರು. ಒಂದು ಸಂಜೆ ಊಟಕ್ಕೆ ಬಂದವರು, ತಮ್ಮ ತಾಯಿ ಗೋಧಿಯ ರೊಟ್ಟಿ ಕೊಳ್ಳುವಷ್ಟು ಕಾಸು ಕೈಸೇರಿದ ದಿನದಿಂದ ಸಾಯುವವರೆಗೂ ಪೊಲೆಂತಾ ಮುಟ್ಟಲಿಲ್ಲವೆಂದರು. ಆಕೆಯ ಬಾಲ್ಯದಲ್ಲಿ ಒಂದು ಒಣಮೀನನ್ನು ದಾರದಿಂದ ಮೇಜಿನ ಮೇಲೆ ತೂಗುಹಾಕಿ, ಮನೆಮಂದಿಯೆಲ್ಲ ತಮ್ಮ ಪೊಲೆಂತಾ ತುಣುಕನ್ನು ಅದಕ್ಕೆ ಒರೆಸಿ ತಿನ್ನುತ್ತಿದ್ದರಂತೆ. ಮಗಳು ಇದನ್ನು ಕನ್ನಡಕ್ಕೆ ಹೇಳುತ್ತಿದ್ದಂತೆ ನಮ್ಮ ಕೈಯ ಚಮಚ ನಿಂತಿತು.

18 ಮತ್ತು 19ನೆಯ ಶತಮಾನಗಳಲ್ಲಿ ಆ ಪ್ರಾಂತದ ಬಡ ರೈತರನ್ನು ಪೆಲಾಗ್ರಾ ಎಂಬ ರೋಗ ಸೂರೆಗೊಂಡಿತು. ಚರ್ಮ ಒರಟಾಗಿ ಸುಲಿದು, ಭೇದಿ ಹಿಡಿದು, ಬುದ್ಧಿ ಕೆಟ್ಟು ಜನ ಸಾಯುತ್ತಿದ್ದರು. ಮೂರು ಹೊತ್ತೂ ಪೊಲೆಂತಾ ಒಂದನ್ನೇ ಉಂಡುದರ ಫಲ ಅದು. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದುದರಿಂದ ಅದರೊಳಗಿನ ನಯಾಸಿನ್ ಎಂಬ ಜೀವಸತ್ತ್ವ ದೇಹಕ್ಕೆ ದಕ್ಕುತ್ತಿತ್ತು. ಕಾಳು ಕಡಲು ದಾಟಿತು, ಸುಣ್ಣದ ಅರಿವು ದಾಟಲಿಲ್ಲ. ಅದೇ ಪೊಲೆಂತಾವನ್ನು ಮಾಂಸ, ಹಾಲುಗಳೊಡನೆ ಉಂಡ ಧನಿಕರಿಗೆ ಏನೂ ಆಗಲಿಲ್ಲ. ದಖ್ಖನಿನಲ್ಲಿ ಜೋಳವೊಂದನ್ನೇ ನಂಬಿದ ಬಡವರಲ್ಲಿಯೂ ಇದೇ ರೋಗವಿರುವುದನ್ನು ಹೈದರಾಬಾದಿನ ವಿಜ್ಞಾನಿಗಳಾದ ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರ ಸುಮಾರಿಗೆ ಚರ್ಚಿಸಿದರು. ಹೊಂದಿಕೆ ಎಂಬುದು ಉಳ್ಳವರಿಗೆ ರುಚಿಯ ಮಾತು. ಇಲ್ಲದವರಿಗೆ ಜೀವದ ಮಾತು. ಆಯ್ಕೆಯೇ ಇಲ್ಲದೆ ಉಂಡದ್ದನ್ನು ಮೊಮ್ಮಕ್ಕಳು ಪರಂಪರೆಯೆಂದು ಕೊಂಡಾಡಬಹುದೇ? ಆ ವೃದ್ಧರನ್ನು ಕೇಳಿದೆವು. ಅವರು ನಕ್ಕು, ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ತಾಯಿಯ ಹೆಸರು ಹೇಳಿ ಬಟ್ಟಲನ್ನೆತ್ತಿದರು.

ಆ ರಾತ್ರಿ ನಮಗೆ 1973 ನೆನಪಾಯಿತು. ಬರಗಾಲ, ನಾವು ಕೆಲಸಕ್ಕೆ ಸೇರಿದ ಹೊಸತು. ಎಂಟನೆಯ ತರಗತಿಗೆ 'ನಮ್ಮ ಮನೆಯ ಊಟ' ಎಂಬ ಪ್ರಬಂಧ ಕೊಟ್ಟಿದ್ದೆವು. ಮಕ್ಕಳೆಲ್ಲ ಹೋಳಿಗೆ, ಕಡುಬು, ಎಣ್ಣೆಗಾಯಿ ಎಂದು ಪುಟ ತುಂಬಿಸಿದ್ದರು. ಆ ವರ್ಷ ಯಾರ ಮನೆಯಲ್ಲಿ ಹೋಳಿಗೆ ಬೆಂದಿತ್ತೋ ದೇವರೇ ಬಲ್ಲ. ಒಬ್ಬ ಹುಡುಗ ಮಾತ್ರ ಎರಡೇ ಸಾಲು ಬರೆದಿದ್ದ: "ನಮ್ಮ ಮನಿಯಾಗ ಮಿಲೋ ರೊಟ್ಟಿ ಮಾಡ್ತಾರ. ಸಂಗಾಟ ಉಪ್ಪು ಖಾರ." ಮಿಲೋ ಎಂದರೆ ಸರಕಾರ ಹಂಚಿದ ಅಮೆರಿಕದ ಕೆಂಪು ಜೋಳ. 'ಮನಿಯಾಗ' ಎಂಬುದನ್ನು ತಿದ್ದಿ, 'ಮಿಲೋ' ಕನ್ನಡ ಪದವಲ್ಲವೆಂದು ಕೆಂಪು ಗೆರೆ ಎಳೆದು, ಹತ್ತಕ್ಕೆ ಎರಡು ಅಂಕ ಕೊಟ್ಟೆವು. ಹೋಳಿಗೆಯ ಪ್ರಬಂಧವೊಂದನ್ನು ತರಗತಿಯಲ್ಲಿ ಓದಿಸಿದೆವು. ಮುಂದಿನ ಜೂನಿನಲ್ಲಿ ಆ ಹುಡುಗ ಶಾಲೆಗೆ ಬರಲಿಲ್ಲ. ಮನೆಯವರು ಪುಣೆಯ ಕಡೆ ಕೂಲಿಗೆ ಹೋದರೆಂದು ಯಾರೋ ಹೇಳಿದರು.